ಬಿಳೇ ಹೂವು

ನನ್ನಪ್ಪ ನಾಟಕ ಬರೆದೇ ಇಲ್ಲ ಎಂದು ಪೇಪರಿನಲ್ಲಿ ಬಂದ ದಿನ ನಾನು ಚಹಾ ಸೋಸುತ್ತಿದ್ದೆ. ಓದಿ ಮುಗಿಸುವಷ್ಟರಲ್ಲಿ ಚಹಾ ಕಟ್ಟೆಯ ಮೇಲೆಲ್ಲ ಹರಿದಿತ್ತು, ನನ್ನ ಬಾಯಿಂದ ಬರಬಾರದ ಮಾತೆಲ್ಲ ಬಂದಿತ್ತು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಯಾರೂ ಹುಡುಕಿಕೊಂಡು ಹೋಗಬೇಕಾಗಿಲ್ಲ.

ಅಪ್ಪನ ಹೆಸರು ಮಲ್ಲಪ್ಪ. ಯಾದಗಿರಿ ಕಡೆಯಿಂದ ಹೈದರಾಬಾದಿಗೆ ಬಂದು ಬಾಲಾನಗರದ ಕಾರ್ಖಾನೆಯೊಂದರಲ್ಲಿ ಫಿಟರ್ ಆಗಿ ರಿಟೈರಾದವನು. ಅವನ ಹೆಸರಿನ ಹನ್ನೊಂದು ನಾಟಕಗಳನ್ನು ಕಲಬುರ್ಗಿ, ರಾಯಚೂರು ಸೀಮೆಯಲ್ಲಿ ಆಡದ ಹಳ್ಳಿಯಿಲ್ಲ. ‘ಉಪ್ಪಿನ ಅರಮನೆ’ಯ ರಾಣಿ ಆಡುವ ಮಾತು ಅಲ್ಲಿಯ ಹೆಂಗಸರಿಗೆ ಬಾಯಿಪಾಠ. ಅಪ್ಪ ತೀರಿಕೊಂಡು ಮೂರು ವರ್ಷವಾದ ಮೇಲೆ, ಇಲ್ಲಿಯ ಕನ್ನಡ ಸಂಘವೊಂದರ ಕಾರ್ಯದರ್ಶಿ ಅಂಬಾದಾಸ ಕಾಕಾ ಹನ್ನೊಂದನ್ನೂ ಸೇರಿಸಿ ಒಂದೇ ಪುಸ್ತಕ ಮಾಡಲು ಹೊರಟಿದ್ದ. ಅಷ್ಟರಲ್ಲಿ ಈ ಲೇಖನ.

ಬರೆದವರು ತಾರ್ನಾಕದಲ್ಲಿ ಮನೆ ಮಾಡಿಕೊಂಡಿದ್ದ ನಿವೃತ್ತ ಕನ್ನಡ ಮೇಷ್ಟ್ರು ಸೂರ್ಯನಾರಾಯಣ. ಏಳನೇ ಇಯತ್ತೆ ನಪಾಸಾದ ಫಿಟರನಿಗೆ ಇಂಥ ಮಾತು ಎಲ್ಲಿಂದ ಬರಬೇಕು ಎಂಬುದು ಅವರ ಪ್ರಶ್ನೆ. ನಿಜವಾದ ನಾಟಕಕಾರ ಅಬಿಡ್ಸ್‌ನಲ್ಲಿ ಹಳೇ ಪುಸ್ತಕದ ಅಂಗಡಿ ಇಟ್ಟಿದ್ದ ದಿವಂಗತ ಸುಬ್ಬರಾಯರಂತೆ. ಅಪ್ಪ ಐತವಾರದ ರಜೆ ಬಂತೆಂದರೆ ಆ ಅಂಗಡಿಯ ಸ್ಟೂಲಿನ ಮೇಲೆ ಕೂತಿರುತ್ತಿದ್ದುದು ನಿಜ. ಹಸ್ತಪ್ರತಿ ಅಪ್ಪನ ಅಕ್ಷರದಲ್ಲೇ ಇದೆಯಲ್ಲ ಎಂದರೆ, ಅದಕ್ಕೂ ಮೇಷ್ಟ್ರ ಹತ್ತಿರ ಉತ್ತರವಿತ್ತು: ಒಬ್ಬರು ಹೇಳಿದರು, ಮಲ್ಲಪ್ಪ ಬರೆದುಕೊಂಡ.

ಸಂಜೆ ಅಂಬಾದಾಸ ಕಾಕಾ ಬೆವರು ಒರೆಸಿಕೊಳ್ಳುತ್ತ ಬಂದ.

‘ಸಂಘದಾಗ ಎರಡು ಪಾರ್ಟಿ ಆಗ್ಯಾವ ಶಾಂಭವಿ. ಪುಸ್ತಕದ ಮ್ಯಾಲ ಯಾರ ಹೆಸರು ಹಾಕ್ಲಿ? ಐತವಾರ ಸಭಾ ಇಟ್ಟೀನಿ. ಸಾಬಮ್ಮಕ್ಕ ಬಂದು, ಇವನ್ನ ಇಂಥವ್ರು ಬರದ್ರು ಅಂತ ಹೆಸರು ತಗೊಂಡು ಹೇಳಿಬಿಟ್ರ ಎಲ್ಲಾರ ಬಾಯಿ ಮುಚ್ಚತೈತಿ. ಇಲ್ಲಂದ್ರ ಹೆಸರಿಲ್ಲದ ಪುಸ್ತಕ ಮಾಡಬೇಕಾಗ್ತೈತಿ.’

ಅವ್ವ ಒಳಗಿನಿಂದಲೇ ಕೇಳಿದಳು, ‘ಹೆಸರು ತಗೊಂಡು?’

ಕಾಕಾ ಹಣೆ ಹಣೆ ಬಡಿದುಕೊಂಡ. ಯಾಕೆಂದರೆ ನನ್ನವ್ವ ಸಾಬಮ್ಮ ಹುಟ್ಟಿದಾರಭ್ಯ, ಅಂದರೆ ಮದುವೆಯಾದಾರಭ್ಯ, ಗಂಡನ ಹೆಸರನ್ನು ನಾಲಿಗೆಯ ಮೇಲೆ ತಂದವಳಲ್ಲ. ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ. ರೇಶನ್ ಅಂಗಡಿಯಲ್ಲಿ ಯಜಮಾನರ ಹೆಸರೇನು ಎಂದು ಕೇಳಿದರೆ ನನ್ನ ಕಡೆ ನೋಡುತ್ತಿದ್ದಳು. ಬೀದಿ ಮೂಲೆಯ ಮನೆಯ ಮಲ್ಲು ಅವಳಿಗೆ ‘ಮೂಲಿಮನಿ ಹುಡುಗ’. ಒಂದು ಸಲ ನಾನು ತಡೆಯಲಾರದೆ ಕೇಳಿದ್ದೆ: ‘ಅಪ್ಪ ಹೋಗಿ ಮೂರು ವರ್ಷ ಆತು. ಇನ್ನ ಎಲ್ಲಿ ಆಯುಷ್ಯ ಯವ್ವಾ, ಕಮ್ಮಿ ಆಗಾಕ?’

‘ಅವ್ರ ಆಟ ಇನ್ನಾ ಆಡಾಕತ್ತಾರಿಲ್ಲೋ? ಆಡೂತನಕ ಅದಾರ’ ಎಂದಿದ್ದಳು.

ಆ ವಾರ ನಾನು ನಿದ್ದೆಗಣ್ಣಿನಲ್ಲೇ ಓಡಾಡಿದೆ. ಆಗ ಊರಿಗೆ ಊರೇ ಕಂಪ್ಯೂಟರ್ ಕಲಿಯುತ್ತಿದ್ದ ಕಾಲ. ಅಮೀರಪೇಟೆಯ ಗೋಡೆ ಕಾಣದ ಹಾಗೆ ಬೋರ್ಡುಗಳು, ಗುಡ್ಡ ಒಡೆದ ಕಡೆಯೆಲ್ಲ ಗಾಜಿನ ಕಟ್ಟಡಗಳು. ನಾನು ಒಂದು ಮೆಡಿಕಲ್ ಟ್ರಾನ್ಸ್‌ಕ್ರಿಪ್ಶನ್ ಕಂಪನಿಯಲ್ಲಿದ್ದೆ. ಅಮೆರಿಕದ ಡಾಕ್ಟರುಗಳು ತಮ್ಮ ರೋಗಿಗಳ ವಿಷಯ ಮಾತಾಡಿ ಕಳಿಸುತ್ತಾರೆ, ನಾವು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೇಳಿ ಟೈಪ್ ಮಾಡುತ್ತೇವೆ. ಕಾಣದ ದೇಶದ ಕಾಣದ ಮನುಷ್ಯನ ದನಿ ತೂಕಡಿಸುತ್ತ, ಕೆಮ್ಮುತ್ತ ಕಿವಿಯೊಳಗೆ ಇಳಿದು ನನ್ನ ಬೆರಳಿನಿಂದ ಹೊರಗೆ ಬರುತ್ತದೆ. ಮಧ್ಯಾಹ್ನದ ಹೊತ್ತು ಆ ದನಿ ಯಾರದು, ನಾನು ಯಾರು ಎಂಬುದೇ ಕಲಸಿಹೋಗುತ್ತಿತ್ತು.

ಹಾಗೆ ಕಲಸಿಹೋದಾಗಲೆಲ್ಲ ನನಗೆ ಚಿಕ್ಕಂದಿನ ಕನಸೊಂದು ಬರುತ್ತಿತ್ತು. ಬಾಲಾನಗರದ ನಮ್ಮ ಶೀಟಿನ ಮನೆ. ಬಿಸಿಲು ಕಿಟಕಿಯಲ್ಲಿ ಬಂದು ನೆಲದ ಮೇಲೆ ಕೂತಿದೆ. ನಾನು ಚಾಪೆಯ ಮೇಲೆ ಅರ್ಧ ಕಣ್ಣು ಮುಚ್ಚಿದ್ದೇನೆ. ಅಡುಗೆ ಮೂಲೆಯಿಂದ ರೊಟ್ಟಿ ಬಡಿಯುವ ಸಪ್ಪಳ, ಪಟ ಪಟ ಪಟ. ಆ ಸಪ್ಪಳದೊಳಗಿಂದ ಒಬ್ಬ ರಾಣಿ ಎದ್ದು ಬಂದು ಹೇಳುತ್ತಾಳೆ: ‘ನಿಮ್ಮ ಅರಮನಿ ಬಾಗಲಾ ಭಾಳ ದೊಡ್ಡದು ಮಹಾರಾಜ, ಕಿವಿ ಭಾಳ ಸಣ್ಣದು.’ ರಾಜ ಏನೋ ಗೊಣಗುತ್ತಾನೆ. ಮತ್ತೆ ಪಟ ಪಟ. ಎದ್ದ ಮೇಲೆ ‘ನಮ್ಮ ಮನೀಗೆ ರಾಣಿ ಬಂದಿದ್ಳು’ ಎಂದರೆ ಅವ್ವ ‘ಕನಸು ಬಿದ್ದಿತ್ತು, ಮಾರಿ ತೊಳಕೋ ಹೋಗು’ ಎನ್ನುತ್ತಿದ್ದಳು. ನಾನು ನಂಬಿದ್ದೆ.

ಸಭೆಯ ಹಿಂದಿನ ದಿನ ಬೆಳಿಗ್ಗೆ ಮೇಷ್ಟ್ರು ಸೂರ್ಯನಾರಾಯಣ ತಾವೇ ನಮ್ಮ ಮನೆಗೆ ಬಂದರು. ಬಾಯಿಗೆ ಬಂದದ್ದು ಅಂದುಬಿಡಬೇಕೆಂದು ಸೆರಗು ಬಿಗಿದು ನಿಂತಿದ್ದೆ. ಆದರೆ ಆ ಮನುಷ್ಯ ಕೊಡೆ ಮೂಲೆಗಿಟ್ಟು, ಅಪ್ಪನ ಫೋಟೋಕ್ಕೆ ಕೈಮುಗಿದು ಕೂತ. ಕೈಮುಗಿದವರನ್ನು ಬೈಯುವುದು ಹೇಗೆ? ಚಹಾ ಕೊಟ್ಟೆ, ಸಕ್ಕರೆ ಮಾತ್ರ ಹಾಕಲಿಲ್ಲ.

‘ಸಿಟ್ಟು ಮಾಡ್ಕೋಬೇಡಮ್ಮ’ ಎಂದರು. ‘ಸುಬ್ಬರಾಯ ನನ್ನ ಜೀವದ ಗೆಳೆಯ. ಬದುಕಿಡೀ ಬೇರೆಯವರ ಪುಸ್ತಕ ಮಾರಿದ. ಅವನದು ಒಂದಾದರೂ ಇರಲಿ ಅಂತ ನನ್ನಾಸೆ. ಆಸೆಗೆ ಆಧಾರ ಬೇಡವೇ? ಅದೂ ಸಿಕ್ಕಿದೆ.’

‘ಏನ್ರಿ ಸರ ಅದು?’

‘ಮಲ್ಲಿಗೆ. ಹನ್ನೊಂದು ನಾಟಕದ ತುಂಬ ಹೂವೇ ಹೂವು. ಸಂಪಿಗೆ, ಸೇವಂತಿಗೆ, ಕನಕಾಂಬರ, ಕೇದಿಗೆ ಎಲ್ಲವೂ ಬರುತ್ತವೆ. ಮಲ್ಲಿಗೆ ಅನ್ನುವ ಪದ ಒಂದು ಕಡೆಯೂ ಇಲ್ಲ. ರಾಣಿ ಕೂಡ ಬಿಳೇ ಹೂವಿನ ದಂಡೆ ಕೊಡು ಅನ್ನುತ್ತಾಳೆ, ಮಲ್ಲಿಗೆ ಅನ್ನೋದಿಲ್ಲ. ಯಾವ ಕನ್ನಡಿಗ ಹೀಗೆ ಬರೀತಾನೆ? ಸುಬ್ಬರಾಯನಿಗೆ ಮಲ್ಲಿಗೆಯ ವಾಸನೆಗೆ ತಲೆಶೂಲೆ ಬರುತ್ತಿತ್ತು. ಅಂಗಡಿಯೊಳಗೆ ಮುಡಿದು ಬಂದವರನ್ನು ಹೊರಗೇ ನಿಲ್ಲಿಸುತ್ತಿದ್ದ. ಇನ್ನೇನು ಬೇಕು ಹೇಳು?’

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಬೀದಿಯಲ್ಲಿ ದಿನದ ಹೂವಿನಾಕೆಯ ಕೂಗು ಕೇಳಿತು: ‘ಮಲ್ಲೆಪೂಲು! ಮಲ್ಲೆಪೂಲಮ್ಮಾ!’ ಅವ್ವ ಅಪ್ಪನ ಫೋಟೋಕ್ಕೆ ಹಾಕಲು ದಿನಾ ಮಲ್ಲಿಗೆಯನ್ನೇ ಕೊಳ್ಳುತ್ತಾಳೆ. ಒದ್ದೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಹೋದವಳು ತೆಲುಗಿನಲ್ಲಿ ಕೂಗಿದಳು:

‘ತೆಲ್ಲ ಪೂಲು ಒಕ ಮೂರ ಇವ್ವಮ್ಮಾ!’

ಬಿಳೇ ಹೂವು ಒಂದು ಮೊಳ ಕೊಡವ್ವ. ಕನ್ನಡದಲ್ಲಿ ಬಿಡಿ, ತೆಲುಗಿನಲ್ಲಿಯೂ ಮಲ್ಲೆ ಎಂಬ ಸದ್ದು ಅವಳ ಬಾಯಿಂದ ಬರಲಿಲ್ಲ. ಮಲ್ಲಪ್ಪನ ಹೆಂಡತಿ ಮಲ್ಲಿಗೆ ಎನ್ನುವುದು ಹೇಗೆ? ಹುಟ್ಟಿದಾಗಿನಿಂದ ಕೇಳಿದ್ದೆ ನಾನು ಅದನ್ನು. ಎಷ್ಟು ಕೇಳಿದ್ದೆನೆಂದರೆ, ಕೇಳಿಸುವುದೇ ನಿಂತುಹೋಗಿತ್ತು. ನೆಲದ ಮೇಲೆ ಬಿಸಿಲು ಕೂತಿತ್ತು. ಎಲ್ಲಿಂದಲೋ ಪಟ ಪಟ ಎಂದು ರೊಟ್ಟಿಯ ಸಪ್ಪಳ ಬಂದಂತಾಯಿತು, ಒಲೆಯ ಮುಂದೆ ಯಾರೂ ಇರಲಿಲ್ಲ.

ಮೇಷ್ಟ್ರು ತಮ್ಮ ತಲೆಶೂಲೆಯ ಆಧಾರವನ್ನು ಹಿಡಿದುಕೊಂಡೇ ಹೋದರು. ಬಾಗಿಲು ಹಾಕಿ ಅವ್ವನ ಮುಂದೆ ಕೂತೆ.

‘ಯವ್ವಾ, ನಾಟಕ ನೀನು ಬರ್ದೀಯೇನು?’

‘ಹುಚ್ಚು ಹಿಡೀತೇನು ನಿನಗ? ನಂಗ ಸಹಿ ಮಾಡಾಕೂ ಬರಂಗಿಲ್ಲ. ಬರದವ್ರು ನಿಮ್ಮಪ್ಪ.’

ಅಯ್ಯ ಶಿವನೇ, ಪ್ರಶ್ನೆಯೇ ತಪ್ಪಾಗಿತ್ತು! ಪೇಪರು, ಸಂಘ, ಎರಡು ಪಾರ್ಟಿ, ನಾನು, ಎಲ್ಲರೂ ಕೇಳಿದ್ದು ಅದನ್ನೇ, ಯಾರು ಬರೆದರು, ಯಾರು ಬರೆದರು.

‘ಬರದವ್ರು ಅಪ್ಪ. ಅಂದವ್ರು ಯಾರು?’

ಅವ್ವ ಹೂವಿನ ಎಳೆ ಬಿಡಿಸುತ್ತ ಹಗುರಾಗಿ ಹೇಳಿದಳು, ‘ನಾ ಅಂದೆ. ಅದಕ್ಕೇನೀಗ? ರೊಟ್ಟಿ ಬಡಿಯೂವಾಗ ತಾನೇ ಬರೂವು. ಸುಮ್ನ ಗಾಳಿಗೆ ಹೋಗೂವು. ನಿಮ್ಮಪ್ಪ ಪಾಳಿ ಮುಗಿಸಿ ಹಸದು ಬಂದವ್ರು, ತಾಟು ಸರಿಸಿ ಪೆನ್ನು ಹಿಡಿಯೂರು. ಇನ್ನೊಮ್ಮೆ ಅನ್ನು ಅನ್ನೂರು. ರಾಜಾಂದು ಹೆಂಗ ಇರಬೇಕು ಅಂತ ಅವ್ರೂ ಒಂದೊಂದು ಅನ್ನೂರು.’

ನನ್ನ ಕನಸಿನ ರಾಣಿ ಎದುರಿಗೆ ಕೂತು ಹೂವು ಬಿಡಿಸುತ್ತಿದ್ದಳು. ಅಳು ಬಂತು, ಅದರ ಬೆನ್ನಿಗೇ ಸಿಟ್ಟೂ ಬಂತು.

‘ಮತ್ತ ನಿನ್ನ ಹೆಸರ್ಯಾಕ ಹಾಕ್ಲಿಲ್ಲ ಅಪ್ಪ?’

‘ಹಾಕ್ತೀನಂದ್ರು. ನಾನಾ ಬ್ಯಾಡಂದೆ. ಹೆಣ್ಣಿನ ಹೆಸರು ಬೋರ್ಡಿನ ಮ್ಯಾಲ ಬಂದ್ರ ಆವಾಗ ಊರಾಗ ನಮ್ಮವ್ವ ತಲಿ ಎತ್ತಿ ತಿರಗೂ ಹಂಗ ಇರಲಿಲ್ಲ.’

‘ನಮ್ಮ ಆಫೀಸಿನಾಗ ಡಾಕ್ಟರ್ ಅಂದದ್ದನ್ನ ನಾ ಬರೀತೀನಿ. ಕೆಳಗ ಹೆಸರು ಡಾಕ್ಟರಂದು ಬರ್ತೈತಿ, ನಂದಲ್ಲ!’

‘ಆ ಡಾಕ್ಟರ್ ನಿನ್ನ ಗಂಡ ಏನು?’

ಅವ್ವ ಹೂವನ್ನು ಫೋಟೋಕ್ಕೆ ಏರಿಸಿ, ಬೆನ್ನು ತಿರುಗಿಸಿಯೇ ಹೇಳಿದಳು: ‘ನಾಳೆ ನೀ ಬಾಯಿ ಬಿಟ್ಟೀ ಅಂದ್ರ ನನ್ನ ಮ್ಯಾಲ ಆಣಿ ಐತಿ. ಇರೂದು ಅದೊಂದು ಹೆಸರು. ಅದನ್ನೂ ಅಳಿಸಿದ್ರ ಅವ್ರು ಎಲ್ಲಿ ಇರಬೇಕು?’

ಐತವಾರ ಸಂಘದ ಹಾಲು ತುಂಬಿತ್ತು. ಕಲಬುರ್ಗಿ ಸೀಮೆಯಿಂದ ಕೂಲಿಗೆ ಬಂದ ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಮುಂದಿನ ಸಾಲಿನಲ್ಲೇ ಕೂತಿದ್ದರು, ‘ಉಪ್ಪಿನ ಅರಮನೆ’ ಅವರದೇ ಎಂಬಂತೆ. ಸೀಲಿಂಗ್ ಫ್ಯಾನುಗಳು ನಿಧಾನ ತಿರುಗುತ್ತಿದ್ದವು. ಆ ಗುಂಗಿನಲ್ಲಿ ನನಗೆ ಎಲ್ಲವೂ ನೀರೊಳಗೆ ನಡೆಯುತ್ತಿರುವಂತೆ ಕಾಣುತ್ತಿತ್ತು. ಅವ್ವ ಹತ್ತಿ ಸೀರೆಯ ಸೆರಗು ತಲೆ ತುಂಬ ಹೊದ್ದು ಸ್ಟೇಜಿನ ಮೇಲೆ ನಿಂತಿದ್ದಳು. ಆಣೆ ಹಾಕಿಸಿಕೊಂಡ ನಾನು ಹಲ್ಲು ಕಚ್ಚಿ ಕೂತಿದ್ದೆ.

ಅಂಬಾದಾಸ ಕಾಕಾ ಮೈಕು ಹಿಡಿದ. ‘ಅಕ್ಕಾರ, ಈ ನಾಟಕ ಯಾರು ಬರದ್ರು? ಹೆಸರು ತಗೊಂಡು ಹೇಳ್ರಿ.’

ಅವ್ವನ ತುಟಿ ಅಲುಗಿತು. ಮಾತು ಹೊರಡಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ‘ನೋಡ್ರಿ, ಹೇಳವಲ್ರು, ಅವ್ರಿಗೇ ಖಾತ್ರಿ ಇಲ್ಲ’ ಎಂದರು. ಸುಬ್ಬರಾಯರ ಪಾರ್ಟಿಯವರು ಚಪ್ಪಾಳೆಯನ್ನೂ ತಟ್ಟಿದರು. ಅವರ ಕೈ ಸುಡಲಿ! ಅಪ್ಪನ ಹೆಸರು ನನ್ನ ಕಣ್ಣ ಮುಂದೆಯೇ ಅಳಿಸಿಹೋಗುತ್ತಿತ್ತು. ಅದನ್ನು ಉಳಿಸಬಲ್ಲವಳು ಅದನ್ನು ಉಚ್ಚರಿಸಲಾರಳು.

ಆಗ ಮುಂದಿನ ಸಾಲಿನಿಂದ ಒಬ್ಬ ಮುದುಕಿ ಎದ್ದು ನಿಂತು ಕೂಗಿದಳು, ‘ಗಂಡನ ಹೆಸರು ಹಂಗ ಹೆಂಗ ಹೇಳ್ಯಾಳೋ, ಮಂದಿ ಏನೋ ದನ ಏನೋ ನೀವು! ಒಡಪು ಹಾಕವ್ವ ತಂಗಿ!’

ಹೆಂಗಸರೆಲ್ಲ ಮದುವೆ ಮನೆಯಲ್ಲಿ ಕೂಗಿದ ಹಾಗೆ ಕೂಗಿದರು, ‘ಒಡಪು! ಒಡಪು!’ ಮದುಮಗಳು ಹೊಸ್ತಿಲು ದಾಟುವಾಗ ಪದ ಕಟ್ಟಿ, ಅದರೊಳಗೆ ಗಂಡನ ಹೆಸರು ಹೇಳಬೇಕು. ಅದೊಂದಕ್ಕೆ ಮಾತ್ರ ಅಪ್ಪಣೆ ಇದೆ.

ಅವ್ವ ಕಣ್ಣು ಮುಚ್ಚಿದಳು. ಅವಳ ಬಲಗೈ ತೊಡೆಯ ಮೇಲೆ ಮೆಲ್ಲಗೆ ಬಡಿಯತೊಡಗಿತು. ಪಟ ಪಟ ಪಟ. ಮೈಕಿನಲ್ಲಿ ಆ ಸಪ್ಪಳ ಇಡೀ ಹಾಲಿಗೆ ಕೇಳಿಸಿತು. ಆಮೇಲೆ ಶೀಟಿನ ಮನೆಯ ಆ ದನಿ, ನನ್ನ ಅರ್ಧ ನಿದ್ದೆಯ ದನಿ:

‘ರೊಟ್ಟಿ ಬಡದೆ ನಾನು, ಮಾತು ಬಂದ್ವು ಒಲಿ ಮುಂದ,
ಹೊಟ್ಟಿ ಹಸದು ಕೂತು ಬರದ್ರು ಅವರು ನನ್ನ ಹಿಂದ.
ನಾರಿಲ್ಲದ ಹೂವು ನಿಂತೀತೇನ ತಲಿ ಮ್ಯಾಲ?
ಮಲ್ಲಪ್ಪ ಅನ್ನೂ ನಾರಿಗೆ ನಾ ಮಲ್ಲಿಗಿ ಮಾಲ.’

ಹೆಂಗಸರು ಹೋ ಎಂದು ನಕ್ಕು ಚಪ್ಪಾಳೆ ತಟ್ಟಿದರು. ಅಂಬಾದಾಸ ಕಾಕಾ ಕುಣಿದೇಬಿಟ್ಟ: ‘ಕೇಳಿದ್ರಿಲ್ಲೋ? ಹೆಸರು ಹೇಳಿದ್ರು! ಮಲ್ಲಪ್ಪ! ಮುಗೀತು!’ ಅವನಿಗೆ ಕೇಳಿಸಿದ್ದು ಅದೊಂದೇ.

ಮೂಲೆಯಲ್ಲಿ ಕೂತಿದ್ದ ಮೇಷ್ಟ್ರಿಗೆ ಇನ್ನೊಂದು ಪದ ಕೇಳಿಸಿತ್ತು. ಅವರು ಕೊಡೆ ಊರಿಕೊಂಡು ಎದ್ದರು, ಸ್ಟೇಜಿನ ಹತ್ತಿರ ಬಂದು ಅವ್ವನನ್ನೇ ನೋಡುತ್ತ ನಿಂತರು.

‘ಮಲ್ಲಿಗೆ’ ಎಂದರು.

‘ಹೌದ್ರಿ ಸರ’ ಎಂದಳು ಅವ್ವ.

‘ಸುಬ್ಬರಾಯ ಅಲ್ಲ ಹಾಗಾದರೆ.’

‘ಭಾಳ ಒಳ್ಳೇವ್ರು ಅವ್ರು. ಮನಿಯವ್ರು ಬರದದ್ದನ್ನ ಎಲ್ಲಾರಕಿಂತ ಮೊದಲ ಅವ್ರಾ ಕೇಳೂರು. ಕೇಳವ್ರು ಇಲ್ಲಂದ್ರ ಎರಡನೇದು ಆಗ್ತಿದ್ದಿಲ್ಲ.’

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಮೈಕು ಇಸಿದುಕೊಂಡು, ಗೆದ್ದ ಖುಷಿಯಲ್ಲಿದ್ದವರನ್ನು ಕೂರಿಸಿ, ಆ ಒಡಪನ್ನು ಸಾಲು ಸಾಲಾಗಿ ಬಿಡಿಸಿ ಹೇಳಿದರು. ನಾನು ಬಾಯಿ ಬಿಡಲಿಲ್ಲ, ಆಣೆ ಮುರಿಯಲಿಲ್ಲ. ಮಾತು ಹುಟ್ಟಿದ್ದು ಈಕೆಯ ಒಲೆಯ ಮುಂದೆ, ಅದಕ್ಕೇ ಹನ್ನೊಂದು ನಾಟಕದಲ್ಲಿ ಎಲ್ಲೂ ಮಲ್ಲಿಗೆ ಇಲ್ಲ ಎಂದರು ಮೇಷ್ಟ್ರು.

ಪುಸ್ತಕದ ಮೊದಲ ಪುಟದ ಕರಡು ತಂದು ಕಾಕಾ ನನ್ನ ಕೈಗೆ ಕೊಟ್ಟಾಗ ನಾನು ಅವ್ವನಿಗೆ ಓದಿ ಹೇಳಿದೆ: ‘ಹೇಳಿದವರು, ಸಾಬಮ್ಮ. ಬರೆದವರು, ಮಲ್ಲಪ್ಪ.’

‘ನಂದು ಮ್ಯಾಲ ಐತೇನು? ಕೆಳಗ ಹಾಕ್ರಿ’ ಎಂದಳು.

‘ಅನ್ನೂಕಿಂತ ಮೊದಲ ಬರಿಯಾಕ ಬರ್ತೈತೇನು ಯವ್ವಾ?’

ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಅಷ್ಟರಲ್ಲಿ ಬೀದಿಯಲ್ಲಿ ಕೂಗು ಕೇಳಿತು, ಮಲ್ಲೆಪೂಲು, ಮಲ್ಲೆಪೂಲಮ್ಮಾ. ನಾನು ಚೇಷ್ಟೆ ಮಾಡಿದೆ: ‘ಈಗರೆ ಹೆಸರು ಹಿಡದು ಕರಿ. ಊರ ಮುಂದ ಹೇಳಿ ಆತಲ್ಲ.’

‘ಒಡಪಿನಾಗ ಅಂದ್ರ ಆಯುಷ್ಯ ಹೆಚ್ಚಾಗ್ತೈತಿ. ಬಾಗಲದಾಗ ನಿಂತು ಅಂದ್ರ ಕಮ್ಮಿ ಆಗ್ತೈತಿ’ ಎಂದಳು ಅವ್ವ. ‘ಈಗ ಪುಸ್ತಕ ಬ್ಯಾರೆ ಆಗಾಕತ್ತೈತಿ ಅವ್ರದು. ಈಗ್ಯಾಕ ಕಮ್ಮಿ ಮಾಡ್ಲಿ?’

ಬಾಗಿಲಿಗೆ ಹೋಗಿ ಕೂಗಿದಳು: ‘ತೆಲ್ಲ ಪೂಲು ಒಕ ಮೂರ ಇವ್ವಮ್ಮಾ!’