ನೋಡಿಕೊಂಡಿದ್ದಕ್ಕೆ ಪುರಾವೆ

“ಅಮ್ಮ ತೀರಿಕೊಂಡಿದ್ದಕ್ಕೆ ಸರ್ಟಿಫಿಕೇಟ್ ಇದೆ. ನೀವು ನೋಡಿಕೊಂಡಿದ್ದಕ್ಕೆ ಎಲ್ಲಿದೆ?”

ಗುಮಾಸ್ತ ಕಾಗದಗಳನ್ನು ಇಸ್ಪೀಟಿನ ಎಲೆಗಳ ಹಾಗೆ ಹರಡಿಕೊಂಡು ಕೇಳಿದ. ಕಿಟಕಿಯ ಈಚೆ ನಿಂತವನು ತನ್ನ ಫೈಲನ್ನು ಮತ್ತೊಮ್ಮೆ ತಿರುವಿದ. ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ಎಂಟು ವರ್ಷ ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳಿಕೊಟ್ಟವನು ಅವನು. ಸರಿಯಾದ ಪ್ರಶ್ನೆ ಎದುರಿಗೆ ಬಂದರೆ ಗುರುತು ಹಿಡಿಯಬಲ್ಲ.

“ಐದು ವರ್ಷ ನೋಡಿಕೊಂಡಿದ್ದೀನಿ. ಅರ್ಜಿಯಲ್ಲಿ ಬರೆದಿದ್ದೀನಲ್ಲ.”

“ಬರೆಯೋಕೇನು, ಯಾರು ಬೇಕಾದ್ರೂ ಬರೀತಾರೆ. ಡಾಕ್ಟರ್ ಬರೆದುಕೊಡಬೇಕು, ಇಲ್ಲ ಮನೆಯವರು ಯಾರಾದ್ರೂ. ಎರಡು ಗಂಟೆ ಒಳಗೆ ತಂದ್ರೆ ಮಧ್ಯಾಹ್ನದ ಸಂದರ್ಶನಕ್ಕೆ ಕೂರಿಸ್ತೀನಿ. ಇಲ್ಲಾಂದ್ರೆ ಮುಂದಿನ ವರ್ಷ.”

ಮುಂದಿನ ವರ್ಷ ಎನ್ನುವುದು ಅವನಿಗೆ ಇರಲಿಲ್ಲ. ವಿಶ್ವವಿದ್ಯಾಲಯದ ನರ್ಸಿಂಗ್ ಪದವಿಗೆ ಮೂವತ್ತೈದು ದಾಟಿದವರನ್ನು ತೆಗೆದುಕೊಳ್ಳಬೇಕಾದರೆ ಅವರಿಗೆ ಆರೈಕೆಯ ಅನುಭವ ಇರಬೇಕು. ನಲವತ್ತು ದಾಟಿದರೆ ಅನುಭವ ಇದ್ದರೂ ಪ್ರಯೋಜನವಿಲ್ಲ. ಅವನಿಗೆ ಮೂವತ್ತೊಂಬತ್ತು.

ಹಿಂದೆ ಸಾಲಿನಲ್ಲಿದ್ದ ಹುಡುಗಿ ಮೆಲ್ಲಗೆ ಕೇಳಿದಳು: “ಅಂಕಲ್, ನಿಮ್ಮ ಮಗಳದು ಯಾವ ನಂಬರು?”

“ಇನ್ನೂ ಕೊಟ್ಟಿಲ್ಲ,” ಎಂದು ಪಕ್ಕಕ್ಕೆ ಸರಿದ. ಇಲ್ಲದ ಮಗಳಿಗೆ ಒಂದು ಸುಳ್ಳು ಖರ್ಚಾಯಿತು. ದಿನ ಇನ್ನೂ ಹತ್ತೂವರೆ ಗಂಟೆಯಷ್ಟೇ ಹಳೆಯದಾಗಿತ್ತು.

ಅಮ್ಮನಿಗೆ ಲಕ್ವ ಹೊಡೆದಾಗ ಮಗ ಕೆಲಸ ಬಿಟ್ಟು ಮನೆಯಲ್ಲಿ ಕೂತ. ನೆಂಟರಿಷ್ಟರ ಬಾಯಲ್ಲಿ ಇದು ದೊಡ್ಡ ತ್ಯಾಗದ ಕಥೆ. ಅವನೂ ಅದನ್ನು ಬಿಡಿಸಿ ಹೇಳುವ ಗೋಜಿಗೆ ಹೋಗಿರಲಿಲ್ಲ. ತರ್ಕಶಾಸ್ತ್ರಕ್ಕೆ ಆ ವರ್ಷ ಮೂರೇ ವಿದ್ಯಾರ್ಥಿಗಳು. ಇಬ್ಬರು ಅವನ ಎದುರಿಗೇ ಆಕಳಿಸುತ್ತಿದ್ದರು, ಮೂರನೆಯವನು ಬರುತ್ತಿರಲಿಲ್ಲ. ಪ್ರಿನ್ಸಿಪಾಲರು ಒಂದು ದಿನ ಅವನನ್ನು ಕರೆದು, “ನೀವೇ ಯೋಚನೆ ಮಾಡಿ,” ಎಂದಿದ್ದರು. ಯೋಚನೆ ಮಾಡುತ್ತಿರುವಾಗಲೇ ಅಮ್ಮ ಬಚ್ಚಲಲ್ಲಿ ಬಿದ್ದಳು. ಅವಳನ್ನು ಎತ್ತುವಾಗ ಅವನ ಮನಸ್ಸಿಗೆ ಮೊದಲು ಬಂದದ್ದು ದುಃಖವಲ್ಲ. ಸದ್ಯ, ಇನ್ನು ಯಾರಿಗೂ ಏನೂ ಹೇಳಬೇಕಾಗಿಲ್ಲ ಎನ್ನುವ ನಿರಾಳ.

ಅಮ್ಮನನ್ನು ನೋಡುತ್ತಿದ್ದ ಡಾಕ್ಟರು ಊರು ಬಿಟ್ಟು ಎರಡು ವರ್ಷವಾಗಿತ್ತು. ಉಳಿದವಳು ಅಕ್ಕ.

ಅಕ್ಕ ಮುಖ್ಯೋಪಾಧ್ಯಾಯಿನಿ. ಅವಳ ಶಾಲೆ ಅಲ್ಲಿಂದ ಬಸ್ಸಿನಲ್ಲಿ ಮೂರು ನಿಲ್ದಾಣ ದೂರ. ಅವಳ ಕೋಣೆಯಲ್ಲಿ ಗಾಜಿನ ಮೇಜು, ಗೋಡೆಗೆ ವೇಳಾಪಟ್ಟಿ, ಮೂಲೆಯಲ್ಲಿ ಯಾರೂ ಗೆಲ್ಲದೆ ಉಳಿದಂತಿದ್ದ ಬಹುಮಾನದ ಕಪ್ಪುಗಳು. ಅಮ್ಮ ಮಲಗಿದ್ದಷ್ಟೂ ಕಾಲ ಅಕ್ಕ ಹದಿನೈದು ದಿನಕ್ಕೊಮ್ಮೆ ಭಾನುವಾರ ಹಣ್ಣು ಹಿಡಿದು ಬರುತ್ತಿದ್ದಳು. ಅರ್ಧ ಗಂಟೆ ಕೂರುತ್ತಿದ್ದಳು. ಆ ಅರ್ಧ ಗಂಟೆಯೂ ಕೈಚೀಲವನ್ನು ತೊಡೆಯಿಂದ ಕೆಳಗಿಡುತ್ತಿರಲಿಲ್ಲ.

“ಏನೋ, ಇಷ್ಟು ಹೊತ್ತಿನಲ್ಲಿ?”

“ಒಂದು ಸಹಿ ಬೇಕಿತ್ತು.”

ಅಕ್ಕನ ಮುಖ ಬಿಗಿಯಾಯಿತು. “ಮನೆ ಪಾಲಿನ ವಿಷಯವಾ?”

“ಅಲ್ಲ. ನರ್ಸಿಂಗ್ ಸೇರ್ತಾ ಇದ್ದೀನಿ. ಅಮ್ಮನ್ನ ಐದು ವರ್ಷ ನಾನೊಬ್ಬನೇ ನೋಡಿಕೊಂಡೆ ಅಂತ ಬರೆದುಕೊಡಬೇಕು.”

ಅಕ್ಕ ಪೆನ್ನಿನ ಮುಚ್ಚಳ ತೆಗೆದಳು, ಮತ್ತೆ ಹಾಕಿದಳು. ನರ್ಸಿಂಗ್ ಎಂದರೆ ಏನು, ಈ ವಯಸ್ಸಿನಲ್ಲಿ ಯಾಕೆ ಎಂದು ಕೇಳುತ್ತಾಳೆ ಎಂದುಕೊಂಡಿದ್ದ. ಅದಕ್ಕೆ ಬಸ್ಸಿನಲ್ಲಿ ಉತ್ತರವನ್ನೂ ಹೊಂದಿಸಿಕೊಂಡಿದ್ದ. ಅವಳು ಅದನ್ನು ಕೇಳಲೇ ಇಲ್ಲ.

“ಒಬ್ಬನೇ ಅಂತಲೇ ಬರೀಬೇಕಾ?”

“ಮತ್ತೆ ಇನ್ಯಾರಿದ್ರು?”

“ನಾನು ಬರ್ತಿರಲಿಲ್ವಾ?”

“ಬರ್ತಿದ್ದೆ.”

“ಮಗ ತಾಯಿನ ಒರೆಸಿ ತೊಳೆದ ಅಂತ ಮಗಳು ಸಹಿ ಹಾಕಿಕೊಡೋದು. ಓದಿದವರು ಏನಂದ್ಕೋತಾರೆ ಹೇಳು?”

“ಓದೋನು ಒಬ್ಬ ಗುಮಾಸ್ತ, ಅಕ್ಕ.”

“ಗುಮಾಸ್ತನಿಗೂ ಅಕ್ಕ ತಂಗಿ ಇರ್ತಾರೆ.”

ಹೊರಗೆ ಗಂಟೆ ಹೊಡೆಯಿತು. ಮಕ್ಕಳ ಗಲಾಟೆ ಕಾರಿಡಾರಿನಲ್ಲಿ ಎದ್ದು, ಯಾರೋ ಗದರಿದ ಮೇಲೆ ಅಡಗಿತು. ಅಕ್ಕ ಕಂಪ್ಯೂಟರಿನ ಕಡೆ ತಿರುಗಿ ತಾನೇ ಟೈಪ್ ಮಾಡಿದಳು. ಬರೆದದ್ದು ಎರಡೇ ಸಾಲು. ಹೊಡೆದು ಹೊಡೆದು ಅಳಿಸಿದ್ದು ಹೆಚ್ಚು.

ಹಾಳೆ ಅವನ ಕೈಗೆ ಬಂದಾಗ ಇನ್ನೂ ಬೆಚ್ಚಗಿತ್ತು. “ನಮ್ಮ ತಾಯಿಯವರನ್ನು ಅವರ ಅನಾರೋಗ್ಯದ ಐದು ವರ್ಷಗಳ ಕಾಲ ಕುಟುಂಬದವರೆಲ್ಲರೂ ಸೇರಿ ನೋಡಿಕೊಂಡಿರುತ್ತೇವೆ. ಇದರಲ್ಲಿ ನನ್ನ ತಮ್ಮನ ಸಹಕಾರವೂ ಇರುತ್ತದೆ.” ಕೆಳಗೆ ಸಹಿ. ಸಹಿಯ ಮೇಲೆ ಶಾಲೆಯ ನೀಲಿ ಮೊಹರು.

ಸಹಕಾರ. ಅವನು ಆ ಪದವನ್ನು ಎರಡು ಸಲ ಓದಿದ. ರಾತ್ರಿ ಹಗಲೆನ್ನದೆ ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸಿದ್ದು ಸಹಕಾರ. ಬೆರಳಿನ ಸಂದಿಯಲ್ಲಿ ಉಳಿದು, ಎಷ್ಟು ಸೋಪು ಹಚ್ಚಿದರೂ ಊಟದ ಹೊತ್ತಿಗೆ ಸರಿಯಾಗಿ ಮೇಲೇಳುತ್ತಿದ್ದ ವಾಸನೆ ಸಹಕಾರ. ಆದರೆ ವಾಕ್ಯದಲ್ಲಿ ವ್ಯಾಕರಣದ ತಪ್ಪು ಇರಲಿಲ್ಲ. ಜಗಳ ಆಡಲು ಒಂದು ಎಳೆಯೂ ಸಿಗದ ಹಾಗೆ ಅಕ್ಕ ಬರೆದಿದ್ದಳು.

ಅವನು ಏಳುವಾಗ ಅಕ್ಕ ಪರದೆಯನ್ನೇ ನೋಡುತ್ತ ಕೇಳಿದಳು: “ಕೊನೇಲಿ ಅಮ್ಮ ನನ್ನ ಹೆಸರೇನಾದ್ರೂ ಎತ್ತಿದ್ಲಾ?”

ಕೊನೆಯ ಎರಡು ವರ್ಷ ಅಮ್ಮನ ಬಾಯಿಂದ ಒಂದು ಮಾತೂ ಹೊರಟಿರಲಿಲ್ಲ. ಅಕ್ಕನಿಗೂ ಅದು ಗೊತ್ತಿತ್ತು. ಗೊತ್ತಿದ್ದೇ ಕೇಳುತ್ತಿದ್ದಾಳೆ ಎಂಬುದು ಇವನಿಗೂ ಗೊತ್ತಾಯಿತು.

“ಎತ್ತಿದ್ಲು.”

“ಏನಂತ?”

“ಅವಳದು ಊಟ ಆಯ್ತಾ ಕೇಳು ಅಂತ.”

ಅಕ್ಕ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ಅವನು ಮೊಹರು ಒಣಗಿದೆಯೇ ಎಂದು ನೋಡಿ, ಹಾಳೆಯನ್ನು ಮಡಿಸದೆ ಫೈಲಿಗೆ ಸೇರಿಸಿಕೊಂಡ. ಅವಳು ಒಂದು ಪುರಾವೆ ಕೊಟ್ಟಳು, ಇವನು ಒಂದು ಕೊಟ್ಟ. ಲೆಕ್ಕ ಚುಕ್ತಾ ಆದವರಂತೆ ಇಬ್ಬರೂ ಮುಖ ನೋಡಿಕೊಳ್ಳಲಿಲ್ಲ.

ಗುಮಾಸ್ತ ಹಾಳೆಯನ್ನು ಓದಲೂ ಇಲ್ಲ. ಮೊಹರು ನೋಡಿ ಪಿನ್ನು ಹೊಡೆದ. “ನಲವತ್ತೇಳನೇ ನಂಬರು. ಮೇಲೆ ಹೋಗಿ ಕೂತ್ಕೊಳ್ಳಿ.”

ಮೇಲೆ ಉದ್ದನೆಯ ಬೆಂಚುಗಳ ತುಂಬ ಹದಿನೆಂಟರ ಹುಡುಗಿಯರು, ನಡುನಡುವೆ ಕೆಲವು ಹುಡುಗರು. ಎಲ್ಲರ ತುಟಿಯೂ ಬಾಯಿಪಾಠದಲ್ಲಿ ಅಲುಗುತ್ತಿತ್ತು. ಅವನು ತನ್ನ ಅರ್ಜಿಯ ನಕಲು ತೆಗೆದ. ‘ಈ ವೃತ್ತಿಯನ್ನು ಏಕೆ ಆರಿಸಿಕೊಂಡಿರಿ? ನೂರೈವತ್ತು ಪದಗಳಿಗೆ ಮೀರದಂತೆ ಬರೆಯಿರಿ.’ ಅವನ ಉತ್ತರದಲ್ಲಿ ಕರುಣೆ ಎಂಬ ಪದ ಮೂರು ಕಡೆ ಇತ್ತು. ಮೂರೂ ಕಡೆ ಬೇರೆ ಬೇರೆ ವಿಭಕ್ತಿಯಲ್ಲಿತ್ತು.

ನಿಜವಾದ ಕಾರಣಕ್ಕೆ ನೂರೈವತ್ತು ಪದ ಬೇಕಿರಲಿಲ್ಲ. ಅಮ್ಮ ಹೋಗಿ ಏಳು ತಿಂಗಳಾದರೂ ಬೆಳಗಿನ ಜಾವ ನಾಲ್ಕಕ್ಕೆ ಎಚ್ಚರವಾಗುತ್ತಿತ್ತು. ಎದ್ದು ಆ ಕೋಣೆಯ ಬಾಗಿಲ ತನಕ ಹೋಗಿ ನಿಲ್ಲುತ್ತಿದ್ದ. ಬೋಳು ಮಂಚ. ತಿರುಗಿಸಲು ಯಾರೂ ಇಲ್ಲ. ಅವನಿಗೆ ಚೆನ್ನಾಗಿ ಬರುತ್ತಿದ್ದ ಕೆಲಸ ಅದೊಂದೇ. ಅವನು ಬೇಕು ಎಂದುಕೊಂಡ ಜೀವವೂ ಅಮ್ಮ ಒಬ್ಬಳೇ. ಅವಳಿಗೆ ಬೇರೆ ಯಾರನ್ನೂ ಆರಿಸಿಕೊಳ್ಳುವ ದಾರಿ ಇರಲಿಲ್ಲ, ಅಷ್ಟೆ.

ಒಳಗೆ ಮೂವರಿದ್ದರು. ಒಬ್ಬ ಡಾಕ್ಟರ್ ಮೊಬೈಲಿನಲ್ಲಿ ಮುಳುಗಿದ್ದ. ಇನ್ನೊಬ್ಬಾಕೆ ಅಂಕಪಟ್ಟಿ ತುಂಬುತ್ತಿದ್ದಳು. ನಡುವೆ ಕೂತಿದ್ದವರು ನರ್ಸುಗಳ ಮುಖ್ಯಸ್ಥೆಯಾಗಿದ್ದ ನಿವೃತ್ತ ಮೇಟ್ರನ್, ಬಿಳಿಕೂದಲಿನ ದಪ್ಪ ಹೆಂಗಸು. ಅವರು ಅವನ ಮುಖ ನೋಡಲಿಲ್ಲ, ಕೈ ನೋಡಿದರು.

“ಯಾಕೆ ನರ್ಸಿಂಗು?”

ಅವನು ಹೇಳಿದ. ಸೇವೆ, ನೋವು, ಮನುಷ್ಯತ್ವ.

“ಬೆಳಿಗ್ಗೆಯಿಂದ ಹನ್ನೊಂದು ಜನ ಇದನ್ನೇ ಹೇಳಿದ್ರು,” ಎಂದರು ಮೇಟ್ರನ್. “ಅವರಿಗೆ ಹದಿನೆಂಟು. ನಿಮಗೆ ಜಾಸ್ತಿ ಗೊತ್ತಿರಬೇಕು. ನಿಮ್ಮ ತಾಯಿ ಹೋದ ದಿನ ಏನಾಯ್ತು?”

ಆ ದಿನ ಬೆಳಿಗ್ಗೆ ಅವನು ಕನ್ನಡಿಯ ಮುಂದೆ ಗಡ್ಡ ಹೆರೆಯುತ್ತಿದ್ದ. ಏನಾದರೂ ಬೇಕಾದರೆ ಅಮ್ಮ ಎಡಗೈಯ ಬಳೆಯನ್ನು ಮಂಚದ ಕಂಬಿಗೆ ಬಡಿಯುತ್ತಿದ್ದಳು. ಅಂದೂ ಬಡಿದಳು. ಒಂದು ಕೆನ್ನೆ ಮುಗಿದಿತ್ತು, ಇನ್ನೊಂದರ ಮೇಲೆ ನೊರೆ ಇತ್ತು. ಇದೊಂದು ಕೆನ್ನೆ ಮುಗಿಯಲಿ ಎಂದುಕೊಂಡ. ಸದ್ದು ಜೋರಾಯಿತು, ತಪ್ಪಿ ತಪ್ಪಿ ಬಂತು, ನಿಂತಿತು. ನಿಂತಾಗ ಅವನಿಗೆ ಹಾಯೆನಿಸಿತು. ಬ್ಲೇಡು ತೊಳೆದ. ಮುಖ ಒರೆಸಿಕೊಂಡ. ಕಿವಿಯ ಹಿಂದೆ ಉಳಿದ ನೊರೆಯನ್ನೂ ಒರೆಸಿಕೊಂಡ. ಆಮೇಲೆ ಹೋದ.

“ಪಕ್ಕದಲ್ಲೇ ಕೂತಿದ್ದೆ,” ಎಂದ. “ಕೈ ಹಿಡ್ಕೊಂಡಿದ್ದೆ. ಮಲಗಿದ ಹಾಗೇ ಹೋದ್ರು.”

ದನಿ ಸರಿಯಾದ ಜಾಗದಲ್ಲಿ ಒಡೆಯಿತು. ಡಾಕ್ಟರ್ ಮೊಬೈಲಿನಿಂದ ತಲೆ ಎತ್ತಿದ. ಅಂಕಪಟ್ಟಿಯವಳು ಏನೋ ಬರೆದುಕೊಂಡಳು. ಮೇಟ್ರನ್ ಮಾತ್ರ ಮತ್ತೆ ಅವನ ಕೈ ನೋಡಿದರು.

“ಚೆನ್ನಾಗಿ ಹೇಳಿದ್ರಿ,” ಎಂದರು.

ಅದು ಹೊಗಳಿಕೆಯೋ ಅಲ್ಲವೋ ತಿಳಿಯಲಿಲ್ಲ. ತಿಳಿಯುವ ಮೊದಲೇ ಅವರು ಎದ್ದಿದ್ದರು. “ಬನ್ನಿ. ನಿಮ್ಮ ಕೈ ಏನು ಹೇಳುತ್ತೋ ನೋಡೋಣ.”

ಕಾರಿಡಾರಿನ ಕೊನೆಯಲ್ಲಿ ತರಬೇತಿಯ ಕೋಣೆ. ಆರು ಮಂಚ, ಆರು ರಬ್ಬರಿನ ಗೊಂಬೆಗಳು, ಆರಕ್ಕೂ ಕುತ್ತಿಗೆಯ ತನಕ ಹೊದಿಕೆ. ಒಂದು ಗೋಡೆಯಲ್ಲಿ ಉದ್ದಕ್ಕೂ ಕಪ್ಪು ಗಾಜು. ಅದರ ಹಿಂದಿನಿಂದ ಪರೀಕ್ಷಕರು ನೋಡುತ್ತಾರಂತೆ. ಈ ಕಡೆಯವರಿಗೆ ಅವರು ಕಾಣುವುದಿಲ್ಲ.

ಮೇಟ್ರನ್ ಒಂದು ಮಂಚ ತೋರಿಸಿದರು. “ಇವರಿಗೆ ವಯಸ್ಸಾಗಿದೆ. ಮೈ ಒಂದು ಕಡೆ ಆಡೋದಿಲ್ಲ. ಮಗ್ಗುಲು ತಿರುಗಿಸಿ. ಮಾತಾಡಿಸ್ತಾ ಮಾಡಿ.”

“ಮಾತಾಡಿಸ್ತಾ?”

“ಹೂಂ. ಮುಟ್ಟೋ ಮೊದಲು ಹೇಳಬೇಕಲ್ಲ? ಮೂಟೆ ಅಲ್ಲವಲ್ಲ ಅವರು.”

ಐದು ವರ್ಷದಲ್ಲಿ ಅವನು ಅಮ್ಮನನ್ನು ತಿರುಗಿಸುವಾಗ ಮಾತಾಡಿಸಿದ್ದಿಲ್ಲ. ಹಲ್ಲು ಕಚ್ಚಿಕೊಂಡು ತಿರುಗಿಸುತ್ತಿದ್ದ. ಮೊದಮೊದಲು ಅವಳು ಅವನ ಮುಖವನ್ನು ನೋಡುತ್ತಿದ್ದಳು. ಆಮೇಲೆ ಗೋಡೆ ನೋಡುವುದನ್ನು ಕಲಿತಳು.

ಅವನು ಗೊಂಬೆಯ ಮೊಣಕಾಲು ಮಡಿಸಿದ. ಆಚೆಯ ಕೈಯನ್ನು ಎದೆಯ ಮೇಲೆ ತಂದ. ಒಂದು ಅಂಗೈ ಭುಜಕ್ಕೆ, ಒಂದು ಸೊಂಟಕ್ಕೆ. “ಅಮ್ಮಾ,” ಎಂದ, “ಸ್ವಲ್ಪ ಈ ಕಡೆ ತಿರುಗೋಣ. ನಿಧಾನ. ನಾನಿದ್ದೀನಿ, ಬೀಳಲ್ಲ. ನೋವಾದ್ರೆ ಹೇಳಿ.” ಆ ದನಿ ಎಲ್ಲಿಂದ ಬಂತೋ ಅವನಿಗೆ ಗೊತ್ತಾಗಲಿಲ್ಲ. ಎಷ್ಟು ಮೆತ್ತಗಿತ್ತೆಂದರೆ ಅವನಿಗೇ ಭಯವಾಯಿತು. ಇದು ಇಷ್ಟು ವರ್ಷ ತನ್ನೊಳಗೇ ಇತ್ತೆ? ಇದ್ದೂ ಒಂದು ದಿನವೂ ಹೊರಗೆ ಬರಲಿಲ್ಲವೆ?

ಗೊಂಬೆ ಸಲೀಸಾಗಿ ಅವನ ಕಡೆ ಹೊರಳಿತು. ನುಣುಪಾದ ರಬ್ಬರು, ಬೆನ್ನ ಹಿಂದೆ ದಿಂಬು ಕೊಡದಿದ್ದರೆ ಮತ್ತೆ ಅಂಗಾತ ಬೀಳುವಂಥದು. ದಿಂಬಿಗಾಗಿ ಅತ್ತಿತ್ತ ನೋಡಿದ. ಇರಲಿಲ್ಲ.

ಮೇಟ್ರನ್‌ರ ಫೋನು ಹೊಡೆದುಕೊಂಡಿತು. ಅವರು ಹೆಸರು ನೋಡಿ ಹುಬ್ಬು ಗಂಟಿಕ್ಕಿದರು. “ಹಾಗೇ ಹಿಡ್ಕೊಂಡಿರಿ. ನಾನು ಬಂದು ಇವರ ಬೆನ್ನು ನೋಡಬೇಕು. ಈಗ ಬಂದೆ.”

ಬಾಗಿಲು ತಾನಾಗಿಯೇ ಮುಚ್ಚಿಕೊಂಡಿತು.

ಐದು ನಿಮಿಷವಾಯಿತು. ಹತ್ತಾಯಿತು. ಕಾರಿಡಾರಿನಲ್ಲಿ ಬೆಂಚು ಎಳೆದ ಸದ್ದು, ಹುಡುಗಿಯರ ನಗು, ಮೆಟ್ಟಿಲಿಳಿದು ಹೋದ ಚಪ್ಪಲಿಗಳು. ಆಮೇಲೆ ಅದೂ ಇಲ್ಲ. ತೋಳು ಸೋಲತೊಡಗಿತು. ಬಿಟ್ಟರೆ ಏನಾಗುತ್ತದೆ, ರಬ್ಬರು. ಆದರೂ ಬಿಡಲಾಗಲಿಲ್ಲ. ಅವರು ಮರೆತು ಹೋದರೋ, ಇದೇ ಪರೀಕ್ಷೆಯೋ? ಸುಳ್ಳು ಗೊತ್ತಾಗಿ ಹೀಗೆ ನಿಲ್ಲಿಸಿ ಹೋದರೋ? ತರ್ಕದಲ್ಲಿ ಮೂರಕ್ಕೂ ಸಮಾನ ಅವಕಾಶವಿತ್ತು.

ತಲೆ ಎತ್ತಿ ಕಪ್ಪು ಗಾಜಿನ ಕಡೆ ನೋಡಿದ. ಅದರಲ್ಲಿ ಹಾಸಿಗೆಯ ಮೇಲೆ ಬಗ್ಗಿ ನಿಂತ ಒಬ್ಬ ಮನುಷ್ಯನಿದ್ದ. ಅವನ ಕೈಯಾಸರೆಯಲ್ಲಿ ಒಂದು ಗೊಂಬೆ ಬಾಯಿ ತೆರೆದುಕೊಂಡು ಅವನ ಅಂಗಿಯ ಗುಂಡಿಗಳನ್ನು ನೋಡುತ್ತಿತ್ತು. ಗಾಜಿನ ಹಿಂದೆ ಯಾರಾದರೂ ಇದ್ದಾರೋ ಇಲ್ಲವೋ ಹೇಳಲು ಬರುವಂತಿರಲಿಲ್ಲ.

ಇದ್ದರೂ ಇರಬಹುದು. ಅವನು ಹಿಡಿತವನ್ನು ಸರಿಪಡಿಸಿಕೊಂಡ, ಮೊಣಕೈಯನ್ನು ಮಂಚದ ಅಂಚಿಗೆ ಊರಿದ, ಮುಖದ ಮೇಲೆ ಕರುಣೆಯನ್ನು ತಂದುಕೊಂಡು ಗಾಜಿನ ಕಡೆಗೇ ತಿರುಗಿ ನಿಂತ.