ಹಗುರಾದ ಚಕ್ರ

ಹಿಲರಿಯ ಅಪ್ಪ ಅವಳಿಗೆಂದು ಬಿಟ್ಟುಹೋದದ್ದು ಹಸಿರು ಬಣ್ಣದ ಒಂದು ಸ್ಪೋರ್ಟ್ಸ್ ಕಾರು, ಅಷ್ಟೇ. ಎರಡೇ ಸೀಟು, ವಯಸ್ಸಿನಲ್ಲಿ ಅವಳ ಓರಗೆಯದು. ಪ್ರತಿ ಮೇ ತಿಂಗಳು ಹಳೆಯ ಕಾರುಗಳ ಕ್ಲಬ್ಬಿನವರು ಸಾಲಾಗಿ ಗುಡ್ಡ ಹತ್ತುವಾಗ ಆ ಕಾರನ್ನು ಅವಳೇ ಓಡಿಸಬೇಕು; ಪಕ್ಕದಲ್ಲಿ ಗಂಡ ಕ್ಲೈವ್ ಕೂರಬೇಕು. ಎಡ ಮೊಣಕಾಲಿನ ಆಪರೇಷನ್‌ಗೆಂದು ಲೀಡ್ಸ್‌ನ ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ ಅವಳಿಗೆ ಅದೊಂದೇ ಧ್ಯಾನ.

ಕೋಲೂರಿಕೊಂಡು ಮನೆಗೆ ಬಂದ ದಿನ ಕ್ಲೈವ್ ಗ್ಯಾರೇಜಿನ ಬಾಗಿಲು ತೆರೆದು ನಿಂತಿದ್ದ, ಮುಖ ಊರಗಲ. ಹಳೆಯ ಕ್ಲಚ್ ಜಾರುತ್ತಿತ್ತಂತೆ, ರೇಸಿನವರು ಹಾಕುವ ಬಿಗಿ ಕ್ಲಚ್ ಹಾಕಿದ್ದಾನಂತೆ. ಎಂಜಿನ್ನಿನ ಹಿಂದಿರುವ ಭಾರದ ಚಕ್ರ, ಆ ಫ್ಲೈವೀಲನ್ನೂ ಕ್ಲಬ್ಬಿನ ಡೆಸ್ಮಂಡ್‌ನ ಲೇತಿಗೆ ಕೊಟ್ಟು ಅರ್ಧಕ್ಕರ್ಧ ಕೆರೆಸಿದ್ದಾನಂತೆ.

"ಕಾಲಿಟ್ರೆ ಸಾಕು, ಚಿಗರೆ ಥರ ನೆಗೆಯುತ್ತೆ. ನಿನಗೇ ಅಂತ ಮಾಡಿದ್ದು ಕಣೆ."

ಅವಳಿಗೆ ಕಣ್ಣು ತುಂಬಿ ಬಂದಿತ್ತು.

ಡಾಕ್ಟರು ಕಾರು ಓಡಿಸಲು ಒಪ್ಪಿದ್ದು ಮೆರವಣಿಗೆಯ ಹಿಂದಿನ ದಿನ. ಮರುದಿನ ಬೆಳಿಗ್ಗೆ ಕ್ಲೈವ್ ತಂದು ಸಾಲಿನಲ್ಲಿ ನಿಲ್ಲಿಸಿದ ಕಾರಿನಲ್ಲಿ ಕೂತು ಎಡಗಾಲಿನಿಂದ ಕ್ಲಚ್ ಒತ್ತಿದಳು. ಗೋಡೆಯನ್ನು ಒತ್ತಿದ ಹಾಗಾಯಿತು. ಕೈಯಿಂದ ತೊಡೆ ಅದುಮಿ ಹೇಗೋ ಕೆಳಗಿಳಿಸಿದಳು. ಬಿಡುವಾಗ ಕಾಲು ನಡುಗಿತು, ಎಂಜಿನ್ ಗಕ್ಕನೆ ನಿಂತಿತು. ಮೊದಲಾದರೆ ಭಾರದ ಆ ಚಕ್ರ ಇಂಥ ನಡುಕವನ್ನೆಲ್ಲ ನುಂಗಿಕೊಂಡು ತಿರುಗುತ್ತಿತ್ತು. ಮತ್ತೆ ಚಾಲೂ ಮಾಡಿದಳು, ಮತ್ತೆ ನಿಂತಿತು. ಹಿಂದಿನ ಕಾರುಗಳವರು ಮರ್ಯಾದೆಗೆ ಆಕಾಶ ನೋಡುತ್ತಿದ್ದರು. ಒಬ್ಬರಾದರೂ ಹಾರ್ನ್ ಹೊಡೆದಿದ್ದರೆ ವಾಸಿಯಿತ್ತು.

ಮೊದಲಿನ ಹಾಗೇ ಮಾಡಿಕೊಡು ಎಂದಳು ಮೆಲ್ಲಗೆ.

"ಕ್ಲಚ್ ಏನೋ ಬದಲಾಯಿಸಬಹುದು. ಕೆರೆದ ಕಬ್ಬಿಣ ಮತ್ತೆ ಅಂಟುತ್ತಾ? ಈಗ ಸರಿ ಆಚೆ, ಜನ ಕಾಯ್ತಿದಾರೆ. ನಾನು ಓಡಿಸ್ತೀನಿ."

"ಇದನ್ನೆಲ್ಲ ಮಾಡಿಸುವಾಗ ನನ್ನ ಕಾಲು ನೆನಪಾಗಲೇ ಇಲ್ವಾ ನಿನಗೆ?"

ಕ್ಲೈವ್ ಇಳಿದು ಅವಳ ಕಡೆಗೆ ಬಂದು, ಕೋಟಿನ ಜೇಬಿನಿಂದ ಕಾರು ಓಡಿಸುವ ಚರ್ಮದ ಕೈಗವಸು ತೆಗೆದ. ಅವನ ಬಳಿ ಅಂಥದ್ದು ಇದ್ದದ್ದೇ ಅವಳಿಗೆ ಗೊತ್ತಿರಲಿಲ್ಲ. ಹೊಸದಲ್ಲ, ಬೆರಳ ಗೆಣ್ಣುಗಳ ಮೇಲೆ ಆಗಲೇ ಸುಕ್ಕು ಬಿದ್ದಿತ್ತು. ಅವಳು ಆಸ್ಪತ್ರೆಯಲ್ಲಿದ್ದಷ್ಟು ದಿನವೂ ಅವು ಈ ಸ್ಟಿಯರಿಂಗನ್ನು ಹಿಡಿದಿದ್ದವು.

ಅವಳು ಪಕ್ಕದ ಸೀಟಿಗೆ ಸರಿದಳು. ಕಾರು ನಿಜಕ್ಕೂ ಚಿಗರೆಯಂತೆಯೇ ಗುಡ್ಡ ಹತ್ತಿತು. ದಾರಿಯ ಬದಿಯವರು ಚಪ್ಪಾಳೆ ತಟ್ಟಿದರು. ಗಾಳಿಯಲ್ಲಿ ಕ್ಲೈವ್ ಕೂಗಿ ಕೇಳಿದ, ಹೇಗಿದೆ ಅಂತ.

"ಚೆನ್ನಾಗಿದೆ," ಎಂದಳು ಹಿಲರಿ, "ನಿನ್ನ ಕಾರು."