ಶಂಖದ ಹೊತ್ತಿಗೆ ಸರಿಯಾಗಿ

ಎತುವಾತಿಗೆ ಈಚೆಗೆ ಭಕ್ತಿ ಹೆಚ್ಚಾಗಿದೆ ಎಂದು ಊರವರು ಮಾತಾಡಿಕೊಳ್ಳತೊಡಗಿ ಒಂದು ಮಳೆಗಾಲವೇ ಕಳೆದಿತ್ತು. ದೇವರ ಮೇಲಿನ ಭಕ್ತಿ ಅವನಿಗೆ ಮೊದಲೂ ಇತ್ತು. ಹೆಚ್ಚಾದದ್ದು ಬೇರೆ.

ಸವಾಯಿ ದ್ವೀಪದ ಆ ಕಡಲಂಚಿನ ಊರಲ್ಲಿ ಹೊತ್ತು ಇಳಿಯುವಾಗ ಶಂಖ ಊದುತ್ತಾರೆ. ಊದಿದ ಮೇಲೆ ಮನೆಮನೆಯೂ ಪ್ರಾರ್ಥನೆಗೆ ಕೂರಬೇಕು. ಎರಡನೆಯ ಶಂಖ ಕೇಳುವ ತನಕ ದಾರಿಯಲ್ಲಿ ಯಾರೂ ಹೆಜ್ಜೆ ಎತ್ತುವಂತಿಲ್ಲ, ದೇವರೊಡನೆ ಬಿಟ್ಟು ಬೇರೆಯವರೊಡನೆ ಮಾತಾಡುವಂತಿಲ್ಲ. ದಾರಿಯಲ್ಲಿ ಸಿಕ್ಕಿಕೊಂಡವನನ್ನು ಹತ್ತಿರದ ಮನೆಯವರು ಒಳಗೆ ಕರೆಯುತ್ತಾರೆ. ಕರೆಯದಿದ್ದರೆ ಅವನು ನಿಂತಲ್ಲೇ ಕೂರಬೇಕು. ತಪ್ಪಿ ನಡೆದವನು ಊರಿಗೆ ಒಂದು ಹಂದಿ ದಂಡ ತೆರಬೇಕು.

ಹೆಂಡತಿ ಸತ್ತ ಗಂಡಸು ವಿಧವೆಯ ಮನೆಗೆ ಸುಮ್ಮಸುಮ್ಮನೆ ಹೋದರೆ ಊರ ನಾಲಗೆ ಸುಮ್ಮನಿರುತ್ತದೆಯೇ? ಆದರೆ ಶಂಖಕ್ಕೆ ಸಿಕ್ಕಿಕೊಂಡವನನ್ನು ಯಾರೂ ಆಡಿಕೊಳ್ಳುವಂತಿಲ್ಲ. ಹಾಗಾಗಿ ಎತುವಾತಿ ಸಿಕ್ಕಿಕೊಳ್ಳುತ್ತಿದ್ದ. ಬೇರೆಲ್ಲೂ ಅಲ್ಲ, ವಾಯೊಲಾಳ ಮನೆಯ ಮುಂದೆಯೇ.

ಒಂದು ಕಾಲಕ್ಕೆ ಚರ್ಚಿನ ಹಾಡಿನ ಸಾಲಲ್ಲಿ ಎತುವಾತಿ, ಅವನ ಹೆಂಡತಿ ಲುಸಿಯಾ, ವಾಯೊಲಾ, ಅವಳ ಗಂಡ ಪಾಟು ಒಟ್ಟಿಗೆ ನಿಲ್ಲುತ್ತಿದ್ದರು. ಪಾಟು ಮೀನಿಗೆ ಹೋದ. ದೋಣಿ ಮರಳಿತು, ಅವನು ಮರಳಲಿಲ್ಲ. ಲುಸಿಯಾಳನ್ನು ಜ್ವರ ಕರೆದೊಯ್ಯಿತು. ಈಗಲೂ ಉಳಿದಿಬ್ಬರು ಅದೇ ಸಾಲಲ್ಲಿ ಹಾಡುತ್ತಾರೆ, ನಡುವೆ ಇಬ್ಬರು ನಿಲ್ಲುವಷ್ಟು ಜಾಗ ಬಿಟ್ಟು.

ಶಂಖ ಊದುವವನು ಲುಸಿಯಾಳ ತಮ್ಮ ಸಿಮಾನು. ಭಾವ ವಾಯೊಲಾಳ ಮೆಟ್ಟಿಲ ಹತ್ತಿರ ಬಂದದ್ದನ್ನು ದೂರದಿಂದ ನೋಡಿಯೇ ಅವನು ಊದುತ್ತಿದ್ದ. ಇಬ್ಬರೂ ಈ ವಿಷಯ ಒಂದು ದಿನವೂ ಬಾಯಿಬಿಟ್ಟು ಆಡಿರಲಿಲ್ಲ. ಎತುವಾತಿ ಒಳಗೆ ಹೋಗಿ ಕಣ್ಣು ಮುಚ್ಚಿ ಕೂರುವನು, ಮುಗಿದ ಮೇಲೆ "ಬರ್ತೀನಿ" ಎಂದು ಎದ್ದು ಹೋಗುವನು. ಮಾತು ಅಷ್ಟೇ.

ಆ ದಿನ ಮಾತ್ರ ಸಿಮಾನು ದಾರಿಯಲ್ಲೇ ತಡೆದ.

"ಭಾವ, ವಾಯೊಲಾ ನಾಳೆ ಹಡಗು ಹತ್ತುತ್ತಾಳಂತೆ. ಆಪಿಯಾ ಪೇಟೆಯಲ್ಲಿ ಅಣ್ಣನ ಮನೆಯಲ್ಲೇ ಇದ್ದುಬಿಡ್ತಾಳಂತೆ."

ಎತುವಾತಿಯ ಕೈಯಲ್ಲಿದ್ದ ಬುಟ್ಟಿ ವಾಲಿತು. ಅದರಲ್ಲಿ ಕೆಸುವಿನೆಲೆಯಲ್ಲಿ ತೆಂಗಿನ ಹಾಲು ಕಟ್ಟಿ ಬಿಸಿಗಲ್ಲಿನ ಮೇಲೆ ಬೇಯಿಸಿದ ಪೊಟ್ಟಣಗಳಿದ್ದವು.

"ಅವಳಿಗೆ ಇಲ್ಲಿ ಏನು ಕಮ್ಮಿಯಾಗಿದೆ?"

"ಇರು ಅಂತ ಯಾರಾದರೂ ಕೇಳಿದ್ದಾರಾ? ಇವತ್ತು ಶಂಖ ತಡ ಮಾಡ್ತೀನಿ. ಅಷ್ಟರೊಳಗೆ ಬಾಯಿ ಬಿಡಿ. ಅಕ್ಕನಿಗೂ ನಿಮ್ಮ ಬಾಯಿ ತೆರೆಸೋದೇ ಒಂದು ದೊಡ್ಡ ಕೆಲಸ ಆಗಿತ್ತು."

ಎತುವಾತಿ ನಡೆದ. ವಾಯೊಲಾ ಕಂಬಗಳ ನಡುವೆ ಚಾಪೆ ಮಡಚುತ್ತಿದ್ದಳು. ಆ ಮನೆಗೆ ಗೋಡೆಯಿಲ್ಲ, ಎಲ್ಲವೂ ಕಾಣುತ್ತದೆ. ಅವಳು ತಲೆ ಎತ್ತಿದಳು. ಅವನು ಮುಂದೆ ಹೋಗಿಬಿಟ್ಟ. ಏನೋ ಬೀಳಿಸಿಕೊಂಡವನಂತೆ ನೆಲ ನೋಡುತ್ತ ಹಿಂದೆ ಬಂದ. ಮತ್ತೆ ಮುಂದೆ ಹೋದ. ಎದುರುಮನೆಯವರು ತಮ್ಮ ಚಾಪೆಗಳನ್ನು ಈ ಕಡೆಗೆ ತಿರುಗಿಸಿ ಹಾಸಿಕೊಂಡರು.

"ಏನು ಕಳೆದುಕೊಂಡೆಯಪ್ಪಾ, ಎತುವಾತಿ?" ವಾಯೊಲಾಳ ಅತ್ತೆ ಫುವತಿನೊ ಒಳಗಿಂದ ಕೇಳಿದಳು.

"ಏನಿಲ್ಲಮ್ಮ."

"ಹಾಗಾದರೆ ಹುಡುಕು. ಏನೂ ಇಲ್ಲದ್ದು ಬೇಗ ಸಿಗೋದಿಲ್ಲ."

ಸೂರ್ಯ ಕಡಲಿಗೆ ತಾಗಿದ. ಇನ್ನೂ ತಡ ಮಾಡಿದರೆ ದಂಡಕ್ಕೆ ಸಿಮಾನುವಿನ ಹಂದಿಯೇ ಹೋಗುತ್ತಿತ್ತು. ಅವನು ಶಂಖ ಊದಿದ. ಆಗ ಎತುವಾತಿ ನಿಂತಿದ್ದದ್ದು ಮೆಟ್ಟಿಲ ಬಳಿಯಲ್ಲ, ಹಂದಿಗೂಡಿನ ಬೇಲಿಯ ಪಕ್ಕದಲ್ಲಿ. ಅವನು ಒಳಗೆ ಆಸೆಯಿಂದ ನೋಡಿದ. ಮುದುಕಿ ಕರೆಯಲಿಲ್ಲ. ಅವನು ಅಲ್ಲೇ ಕುಕ್ಕರಿಸಿದ. ಹೆಣ್ಣುಹಂದಿ ಬೇಲಿಯ ಸಂದಿಯಿಂದ ಮೂತಿ ತೂರಿಸಿ ಬುಟ್ಟಿಯನ್ನು ಮೂಸಿತು.

ಫುವತಿನೊ ಗಟ್ಟಿದನಿಯಲ್ಲಿ ಪ್ರಾರ್ಥನೆಗೆ ತೊಡಗಿದಳು.

"ತಂದೆಯೇ, ಈ ದಿನಕ್ಕೆ ಸ್ತೋತ್ರ. ನನ್ನ ಮಗ ಪಾಟುವನ್ನು ನಿನ್ನ ಹತ್ತಿರ ಚೆನ್ನಾಗಿ ನೋಡಿಕೋ. ನಮ್ಮ ಬೇಲಿಯ ಹತ್ತಿರ ಹಂದಿಯ ಜೊತೆ ಒಬ್ಬ ಕೂತಿದ್ದಾನೆ, ಅವನನ್ನೂ ನೋಡು. ಅವನಿಗೆ ಏನಾದರೂ ಹೇಳೋದಿದ್ದರೆ ನಿನ್ನ ಹತ್ತಿರ ಹೇಳಲಿ. ನಿನ್ನ ಜೊತೆ ಮಾತಾಡೋದಕ್ಕೆ ಈಗಲೂ ಅಡ್ಡಿಯಿಲ್ಲವಲ್ಲ."

ಹಂದಿ ಬುಟ್ಟಿಯಲ್ಲಿದ್ದ ಪೊಟ್ಟಣಗಳನ್ನು ಎಳೆದು ಅಗಿಯತೊಡಗಿತು. ಎತುವಾತಿ ಕಣ್ಣು ಮುಚ್ಚಿದ.

"ತಂದೆಯೇ," ಎಂದ. ದನಿ ಮೇಲೇಳಲಿಲ್ಲ.

"ಆಮೆನ್ ಅನ್ನೋದಕ್ಕಾದರೂ ಕೇಳಿಸಬೇಕಲ್ಲ, ತಂದೆಯೇ," ಎಂದಳು ಮುದುಕಿ.

"ತಂದೆಯೇ, ಲುಸಿಯಾ ಹೋದ ಮೇಲೆ ನಾನು ಮನೆಯಲ್ಲಿ ಹಾಡಿಲ್ಲ. ಈ ಮನೆಯಲ್ಲಿ ಕೂತು ಹೋದ ದಿನ ಮಾತ್ರ ದಾರಿಯುದ್ದ ಗುನುಗುತ್ತಾ ಹೋಗ್ತೀನಿ. ನಾಳೆಯ ಹಡಗಲ್ಲಿ ಒಬ್ಬರ ಜಾಗ ಖಾಲಿ ಇರಲಿ. ನನ್ನ ಮನೆಯಲ್ಲಿ ಖಾಲಿ ಇರೋದು ಸಾಕಾಗಿದೆ. ನನಗೆ ಇಷ್ಟೇ ಹೇಳೋದಕ್ಕೆ ಬರೋದು."

ಎರಡನೆಯ ಶಂಖದ ಹೊತ್ತಾಗಿತ್ತು. ದಾರಿಯ ತುದಿಯಲ್ಲಿ ಸಿಮಾನು ಶಂಖವನ್ನು ತುಟಿಗಿಟ್ಟು ನಿಂತಿದ್ದ. ಊದಲಿಲ್ಲ. ಊರಿಗೆ ಊರೇ ಹಸಿದು ಕೂತಿತ್ತು.

ವಾಯೊಲಾಳ ದನಿ ಮೆಲ್ಲಗೆ ಬಂತು.

"ತಂದೆಯೇ, ಈ ಮನುಷ್ಯ ಇಷ್ಟು ದಿನ ನಿನ್ನ ಹೆಸರು ಹೇಳಿಕೊಂಡು ನಮ್ಮ ಚಾಪೆ ಸವೆಸಿದ್ದಾನೆ. ಅವನನ್ನು ಕ್ಷಮಿಸು. ಬಟ್ಟೆ ಕಟ್ಟಿಟ್ಟಿದ್ದೆ, ಬಿಚ್ಚೋದು ಇನ್ನೊಂದು ಕೆಲಸ. ಆದರೆ ಸಂಜೆಯ ಪ್ರಾರ್ಥನೆಯಲ್ಲಿ ಪಾಟುವಿನ ಹೆಸರು ಬಿಡಬಾರದು. ಲುಸಿಯಾಳದ್ದೂ ಬಿಡಬಾರದು. ಇದಕ್ಕೆ ಅವನು ಒಪ್ಪಿದರೆ ನೀನೇ ಕೇಳಿಸಿಕೋ."

"ಆಮೆನ್," ಎಂದ ಎತುವಾತಿ. ಈ ಸಲ ಅದು ಎದುರುಮನೆಗೂ ಕೇಳಿತು. ಅವರೂ ಆಮೆನ್ ಎಂದರು.

ಶಂಖ ಮೊಳಗಿತು. ನಡುವೆ ಒಂದೆಡೆ ಉಸಿರು ಮುರಿದು ಮತ್ತೆ ಮೊಳಗಿತು. ಸಿಮಾನು ಅದನ್ನು ಕೆಳಗಿಟ್ಟು ತೋಳಿನಿಂದ ಮುಖ ಒರೆಸಿಕೊಳ್ಳುವುದು ಎತುವಾತಿಗೆ ಕಂಡಿತು. ಅವನು ತಲೆಬಾಗಿದ, ಭಾವಮೈದುನ ಕೈ ಎತ್ತಿದ.

ಎತುವಾತಿ ಎದ್ದು ಬುಟ್ಟಿ ನೋಡಿದ. ಹಂದಿ ಎಲೆಯನ್ನೂ ಬಿಟ್ಟಿರಲಿಲ್ಲ. ಮೆಟ್ಟಿಲ ತನಕ ಬಂದು ನಿಂತುಕೊಂಡ. ಪ್ರಾರ್ಥನೆ ಮುಗಿದಿತ್ತು, ದಾರಿ ತೆರೆದಿತ್ತು, ಒಳಗೆ ಹೋಗಲು ಈಗ ಅವನ ಬಳಿ ಯಾವ ನೆಪವೂ ಇರಲಿಲ್ಲ.

"ಇನ್ನೇನು, ಅಲ್ಲೇ ನಿಂತಿರ್ತೀರಾ?" ಎಂದಳು ವಾಯೊಲಾ, ಮಡಚಿಟ್ಟ ಚಾಪೆಯನ್ನು ಮತ್ತೆ ಹಾಸುತ್ತ. "ಬನ್ನಿ, ಊಟ ಮಾಡಿ."